ಹಳೆಯ ಹಿಪ್‌ಹಾಪಿನ ಪಕ್ಷ ವಹಿಸಿ

ಹಳೆಯದನ್ನು ಹೊಗಳುವುದು ವಯಸ್ಸಾದವರ ಹಕ್ಕು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ತಲೆ ನರೆತವರು "ನಮ್ಮ ಕಾಲದ ಸಂಗೀತವೇ ಸಂಗೀತ, ಈಗಿನದೆಲ್ಲ ಬರಿಯ ಗದ್ದಲ" ಎಂದರೆ ಯಾರೂ ಆಶ್ಚರ್ಯಪಡುವುದಿಲ್ಲ. ಹೌದೆಂದು ತಲೆಯಾಡಿಸಿ ಚಹ ತರಲು ಏಳುತ್ತಾರೆ. ಆದರೆ ಮೂವತ್ತು ದಾಟಿ ನಲವತ್ತು ಮುಟ್ಟದ, ಸರಕಾರಿ ಕಚೇರಿಯ ಕಡತಗಳ ನಡುವೆ ಹಗಲು ಕಳೆಯುವ ನಮ್ಮಂಥ ಗುಮಾಸ್ತರು, ಅದೂ ಹಿಪ್‌ಹಾಪಿನಂಥ ತರುಣರ ಸಂಗೀತದ ವಿಷಯದಲ್ಲಿ ಹಾಗೆಂದರೆ, ಕೇಳಿದವರು ನಕ್ಕುಬಿಡುತ್ತಾರೆ. ಹಿಪ್‌ಹಾಪಿನಲ್ಲಿಯೂ ಹಳೆಯದು ಹೊಸದು ಎಂಬುದುಂಟೇ ಎಂದು ಹಿರಿಯರ ಪ್ರಶ್ನೆ. ಹಳೆಯದನ್ನು ಈಗ ಯಾರು ಕೇಳುತ್ತಾರೆ ಎಂದು ಕಿರಿಯರ ಪ್ರಶ್ನೆ. ಎರಡಕ್ಕೂ ನಮಗೆ ತಿಳಿದಮಟ್ಟಿಗೆ ಉತ್ತರ ಹೇಳುವುದೇ ಈ ಬರಹದ ಉದ್ದೇಶ.

ಒಂದು ಆಕ್ಷೇಪವನ್ನು ಮೊದಲೇ ಪರಿಹರಿಸಿಬಿಡುವುದು ಲೇಸು. ಹದಿಹರೆಯದಲ್ಲಿ ಕೇಳಿದ ಹಾಡೇ ಮನುಷ್ಯನಿಗೆ ಕೊನೆಯವರೆಗೂ ಇಂಪು ಎನ್ನುವುದುಂಟು. ನಮ್ಮ ವಿಷಯದಲ್ಲಿ ಈ ಮಾತು ನಡೆಯದು. ನಾವು ಹಳೆಯದೆಂದು ಕರೆಯುವ ಹಿಪ್‌ಹಾಪು 1973ರಲ್ಲಿ ಹುಟ್ಟಿ, 1990ರ ದಶಕದ ನಡುಗಾಲಕ್ಕೆ ಪ್ರೌಢವಾದದ್ದು. ಆಗ ನಾವಿನ್ನೂ ಸ್ಲೇಟು ಬಳಪ ಹಿಡಿದಿದ್ದೆವು. ಅದು ನಮ್ಮ ಕಿವಿಗೆ ಬಿದ್ದದ್ದು ಬಿ.ಎ. ಓದುವಾಗ, ಗೆಳೆಯರೊಬ್ಬರ ಕಂಪ್ಯೂಟರಿನಿಂದ. ಅಷ್ಟರಲ್ಲಿ ಅದು ಹಳತಾಗಿಹೋಗಿತ್ತು. ಹೊಸದೂ ಹಳೆಯದೂ ಒಂದೇ ಅಂಗಡಿಯಲ್ಲಿ ಪಕ್ಕಪಕ್ಕದಲ್ಲಿದ್ದಾಗ ಎರಡನ್ನೂ ಮೂಸಿ ನೋಡಿ ಆರಿಸಿಕೊಂಡದ್ದು ನಮ್ಮದು. ನೆನಪಿನ ಮೋಹ ಇದರಲ್ಲಿಲ್ಲ.

ಇನ್ನು, ಹಿರಿಯರಿಗಾಗಿ ನಾಲ್ಕು ಮಾತು. ಹಿಪ್‌ಹಾಪ್ ಎಂಬುದು ಬರಿಯ ಒಂದು ಬಗೆಯ ಹಾಡಿನ ಹೆಸರಲ್ಲ. ಒಂದು ಕೇರಿಯ ಬದುಕಿನಿಂದ ಹುಟ್ಟಿದ ನಾಲ್ಕು ಕಲೆಗಳ ಒಟ್ಟು ಹೆಸರು. ಗ್ರಾಮಫೋನ್ ತಟ್ಟೆಗಳನ್ನೇ ವಾದ್ಯವಾಗಿ ನುಡಿಸುವ ಡಿಜೆ ಒಬ್ಬ. ತಾಳಕ್ಕೆ ಸರಿಯಾಗಿ ಪ್ರಾಸಬದ್ಧವಾದ ಮಾತನ್ನಾಡುವ ಎಂಸಿ ಇನ್ನೊಬ್ಬ. ಇವನ ಮಾತಿಗೇ ರ‍್ಯಾಪ್ ಎನ್ನುತ್ತಾರೆ. ನೆಲದ ಮೇಲೆ ಬುಗುರಿಯಂತೆ ತಿರುಗುವ ನರ್ತಕ ಮೂರನೆಯವ. ಗೋಡೆಗಳ ಮೇಲೆ, ರೈಲಿನ ಡಬ್ಬಿಗಳ ಮೇಲೆ ಬಣ್ಣದ ಅಕ್ಷರ ಮೂಡಿಸುವವ ನಾಲ್ಕನೆಯವ.

ಇದು ಹುಟ್ಟಿದ್ದು ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಎಂಬ ಭಾಗದಲ್ಲಿ. ಆ ಕೇರಿಗಳ ನಡುವೆಯೇ ಹಾದು ಹೋಗುವಂತೆ 1948ರಿಂದ ಒಂದು ದೊಡ್ಡ ಹೆದ್ದಾರಿಯನ್ನು ಕಟ್ಟಲಾಯಿತು. ಸಾವಿರಾರು ಸಂಸಾರಗಳು ಮನೆ ಬಿಟ್ಟು ಹೋಗಬೇಕಾಯಿತು. 1970ರ ದಶಕದಲ್ಲಿ ಅಲ್ಲಿನ ಬಾಡಿಗೆಯ ಕಟ್ಟಡಗಳು ಒಂದರ ಹಿಂದೊಂದು ಸುಟ್ಟುಹೋದವು. ಕೆಲವಕ್ಕೆ ವಿಮೆಯ ಹಣದಾಸೆಯಿಂದ ಮಾಲಿಕರೇ ಬೆಂಕಿ ಹಚ್ಚಿಸಿದ್ದುಂಟು. ಉಳಿದ ಬಡವರು ಹೆಚ್ಚಾಗಿ ಕರಿಯರು, ಪೋರ್ಟೊರಿಕೊ ಮತ್ತು ವೆಸ್ಟ್ ಇಂಡೀಸ್ ದ್ವೀಪಗಳಿಂದ ಬಂದವರು. ಅವರ ಮಕ್ಕಳಿಗೆ ವಾದ್ಯ ಕೊಳ್ಳಲು ಹಣವಿರಲಿಲ್ಲ. ಮನೆಯಲ್ಲಿ ಇದ್ದದ್ದು ಅಪ್ಪ ಅಮ್ಮ ಕೊಂಡಿಟ್ಟ ಹಳೆಯ ಗ್ರಾಮಫೋನ್ ತಟ್ಟೆಗಳು.

1973ರ ಆಗಸ್ಟ್ 11ರಂದು ಸೆಜ್ವಿಕ್ ಅವೆನ್ಯೂವಿನ 1520ನೆಯ ನಂಬರಿನ ಕಟ್ಟಡದಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ, ಶಾಲೆ ತೆರೆಯುವ ಮೊದಲು ಹೊಸ ಬಟ್ಟೆಗೆ ಹಣ ಕೂಡಿಸಬೇಕೆಂದು, ಒಂದು ಪಾರ್ಟಿ ಏರ್ಪಡಿಸಿದಳು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಪ್ರವೇಶಧನ. ತಟ್ಟೆ ಹಾಕುವ ಕೆಲಸ ಅವಳ ಅಣ್ಣ ಕ್ಲೈವನದು. ಜಮೈಕಾದಲ್ಲಿ ಹುಟ್ಟಿದ ಈ ಹದಿನೆಂಟರ ತರುಣನೇ ಮುಂದೆ ಡಿಜೆ ಕೂಲ್ ಹರ್ಕ್ ಎಂದು ಹೆಸರಾದವನು. ಕುಣಿಯುವವರನ್ನು ಗಮನಿಸಿ ಗಮನಿಸಿ ಆತ ಒಂದು ಗುಟ್ಟು ಕಂಡುಕೊಂಡಿದ್ದ. ಹಾಡು ನಡೆಯುವಾಗ ಜನ ಸುಮ್ಮನೆ ಕಾಯುತ್ತಾರೆ. ಹಾಡುಗಾರಿಕೆ ನಿಂತು ಡ್ರಮ್ಮಿನ ಪೆಟ್ಟುಗಳಷ್ಟೇ ಉಳಿಯುವ ಕೆಲವು ಕ್ಷಣಗಳು ಬಂದಾಗ ಮೈಮರೆತು ಕುಣಿಯುತ್ತಾರೆ. ಆ ತುಣುಕಿಗೆ 'ಬ್ರೇಕ್' ಎಂದು ಹೆಸರು. ಒಂದೇ ರೆಕಾರ್ಡಿನ ಎರಡು ತಟ್ಟೆಗಳನ್ನು ಎರಡು ಯಂತ್ರಗಳ ಮೇಲಿಟ್ಟು, ಒಂದರಲ್ಲಿ ಬ್ರೇಕ್ ಮುಗಿಯುತ್ತಲೇ ಇನ್ನೊಂದರಲ್ಲಿ ಅದನ್ನೇ ಮತ್ತೆ ಹಿಡಿದು, ಕೆಲವು ಸೆಕೆಂಡುಗಳ ಸುಖವನ್ನು ಹತ್ತು ನಿಮಿಷಕ್ಕೆ ಎಳೆಯುವುದೇ ಹರ್ಕನ ಯುಕ್ತಿ. ಇಡೀ ಹಿಪ್‌ಹಾಪು ನಿಂತಿರುವುದು ಈ ಯುಕ್ತಿಯ ಮೇಲೆ.

ಹರ್ಕನ ನಂತರ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಎಂಬವನು ಬಂದ. ತಟ್ಟೆಯ ಮೇಲೆ ಬಣ್ಣದ ಬಳಪದಿಂದ ಗುರುತು ಹಾಕಿ, ಬ್ರೇಕ್ ಎಲ್ಲಿ ಆರಂಭ ಎಂಬುದನ್ನು ಕಣ್ಣಿನಿಂದಲೇ ಹಿಡಿದು, ಕೂದಲೆಳೆಯಷ್ಟೂ ತಾಳ ತಪ್ಪದಂತೆ ಜೋಡಿಸುವುದನ್ನು ಆತ ಸಾಧಿಸಿದ. ಗ್ರ್ಯಾಂಡ್ ವಿಜರ್ಡ್ ಥಿಯೊಡೋರ್ ಎಂಬ ಇನ್ನೊಬ್ಬ ಹುಡುಗ ಮುಳ್ಳಿನ ಕೆಳಗೆ ತಟ್ಟೆಯನ್ನು ಹಿಂದೆ ಮುಂದೆ ಎಳೆದು ಕರಕರ ನಾದ ಹೊರಡಿಸುವ ವಿದ್ಯೆ ಕಂಡುಹಿಡಿದ. ಮನೆಯಲ್ಲಿ ಮಕ್ಕಳು ಹೀಗೆ ಮಾಡಿದರೆ ಬೆನ್ನಿಗೆ ಗುದ್ದು ಬೀಳುತ್ತಿತ್ತು; ಅಲ್ಲಿ ಅದೊಂದು ಕಲೆಯಾಯಿತು!

ನಮ್ಮ ಮೆಚ್ಚಿಗೆಗೆ ಇದು ಮೊದಲ ಕಾರಣ. ಹಳೆಯ ಹಿಪ್‌ಹಾಪಿನಲ್ಲಿ ಮನುಷ್ಯನ ಕೈ ಕೇಳಿಸುತ್ತದೆ. ತಟ್ಟೆ ಎಳೆದ ಬೆರಳು, ಕ್ಷಣ ಮುಂಚೆ ಬಿದ್ದ ಪೆಟ್ಟು, ಹಳೆಯ ರೆಕಾರ್ಡಿನ ಚಟಪಟ ಸದ್ದು, ಎಲ್ಲವೂ ಹಾಡಿನಲ್ಲಿ ಉಳಿದುಕೊಂಡಿವೆ.

ಎರಡನೆಯ ಕಾರಣ ಮಾತು. ಮೊದಮೊದಲು ಎಂಸಿಯ ಕೆಲಸ ಜನರನ್ನು ಹುರಿದುಂಬಿಸುವುದಷ್ಟೇ ಆಗಿತ್ತು. 1979ರಲ್ಲಿ ಶುಗರ್‌ಹಿಲ್ ಗ್ಯಾಂಗಿನ 'ರ‍್ಯಾಪರ್ಸ್ ಡಿಲೈಟ್' ಮುದ್ರಣವಾಗಿ ಊರೂರು ಹರಡಿತು; ಅದರ ಪೂರ್ಣ ಪಾಠ ಹದಿನಾಲ್ಕು ನಿಮಿಷಕ್ಕೂ ಹೆಚ್ಚು. 1981ರ ಡಿಸೆಂಬರಿನಲ್ಲಿ ಹಾರ್ಲೆಮ್ ವರ್ಲ್ಡ್ ಎಂಬ ಕ್ಲಬ್ಬಿನಲ್ಲಿ ಜನಪ್ರಿಯನಾದ ಬಿಸಿ ಬೀ ಎಂಬವನಿಗೂ ಕೂಲ್ ಮೋ ಡೀ ಎಂಬವನಿಗೂ ಮಾತಿನ ಜಿದ್ದಾಜಿದ್ದಿ ನಡೆಯಿತು. ಒಬ್ಬನದು ಸಭೆಯನ್ನು ಕೂಗಿಸುವ ಚಾತುರ್ಯ. ಇನ್ನೊಬ್ಬನದು ಪ್ರಾಸದ ಮೇಲೆ ಪ್ರಾಸ ಹೇರಿ ಎದುರಾಳಿಯ ಬಣ್ಣ ಬಯಲು ಮಾಡುವ ಚಾತುರ್ಯ. ಗೆದ್ದದ್ದು ಎರಡನೆಯದು. ನಮ್ಮ ಕಡೆಯ ಜಾತ್ರೆಗಳಲ್ಲಿ ಹರದೇಶಿ–ನಾಗೇಶಿ ಪಕ್ಷದವರು ಡಪ್ಪು ತುಂತುಣಿ ಹಿಡಿದು ರಾತ್ರಿಯಿಡೀ ಸವಾಲು–ಜವಾಬು ನಡೆಸುವುದನ್ನು ಕೇಳಿದವರಿಗೆ ಈ ಪಂದ್ಯದ ಸೊಗಸನ್ನು ಬಿಡಿಸಿ ಹೇಳಬೇಕಾಗಿಲ್ಲ.

1982ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಮತ್ತು ಫ್ಯೂರಿಯಸ್ ಫೈವ್ ಎಂಬ ಮೇಳದ 'ದಿ ಮೆಸೇಜ್' ಬಂದಾಗ ರ‍್ಯಾಪು ಮೊದಲ ಬಾರಿಗೆ ಕುಣಿತ ಬಿಟ್ಟು ಕೇರಿಯ ಕಷ್ಟದ ಕತೆ ಹೇಳಿತೆನ್ನಬಹುದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣ ಸಂಗ್ರಹಕ್ಕೆ 2002ರಲ್ಲಿ ಮೊದಲ ಐವತ್ತನ್ನು ಆರಿಸಿದಾಗ ಅದರಲ್ಲಿ ಈ ಹಾಡೂ ಸೇರಿತು. 1987ರಲ್ಲಿ ರಕೀಮ್ ಎಂಬವನು ಬಂದು, ಸಾಲಿನ ಕೊನೆಗೆ ಮಾತ್ರವಿದ್ದ ಪ್ರಾಸವನ್ನು ಸಾಲಿನ ಒಳಗೆಲ್ಲ ಪೋಣಿಸಿದ. ಹುಡುಗನಾಗಿದ್ದಾಗ ಸ್ಯಾಕ್ಸೊಫೋನ್ ನುಡಿಸಿದ್ದವನಾದ್ದರಿಂದ ಉಸಿರನ್ನು ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದು ಅವನಿಗೆ ತಿಳಿದಿತ್ತು. 1994ರಲ್ಲಿ ಇಪ್ಪತ್ತರ ನಾಸ್ ಎಂಬ ತರುಣ 'ಇಲ್‌ಮ್ಯಾಟಿಕ್' ಎಂಬ ಆಲ್ಬಮ್ ಹೊರತಂದ. ಇಡೀ ಆಲ್ಬಮ್ ನಲವತ್ತು ನಿಮಿಷದ್ದು. ಅಷ್ಟರೊಳಗೆ ಕ್ವೀನ್ಸ್‌ಬ್ರಿಜ್ ಎಂಬ ಬಡವರ ವಸತಿಯ ಮೆಟ್ಟಿಲು, ಕಿಟಕಿ, ಸೆರೆಮನೆಗೆ ಹೋದ ಗೆಳೆಯ ಎಲ್ಲವೂ ಕಣ್ಣೆದುರು ನಿಲ್ಲುತ್ತವೆ. ಒಂದು ಹಾಡಿನ ಕೊನೆಗೆ ಅವನ ತಂದೆ, ಜಾಝ್ ಸಂಗೀತಗಾರ ಓಲು ದಾರಾ, ಕಾರ್ನೆಟ್ ಊದಿದ್ದಾನೆ. ಮಗ ಮಾತಿನಲ್ಲಿ ಹೇಳಿ ನಿಲ್ಲಿಸಿದ್ದನ್ನು ತಂದೆ ಮಾತಿಲ್ಲದೆ ಮುಂದುವರಿಸುವ ಆ ಕ್ಷಣಕ್ಕಾಗಿ ನಾವು ಆ ಹಾಡನ್ನು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ.

ಈಗ ಕಿರಿಯರ ಪ್ರಶ್ನೆಗೆ ಬರೋಣ. ನಮ್ಮ ಅಣ್ಣನ ಮಗ ಕಾಲೇಜು ಹುಡುಗ. ಹೊಸ ಹಿಪ್‌ಹಾಪಿನ ಪರಮಭಕ್ತ. "ಕಾಕಾ, ಮಾತು ತಿಳೀಲಿಕ್ಕೆ ಯಾರಾದರೂ ಹಾಡು ಕೇಳ್ತಾರೇನು? ಮೈ ಕುಣಿದರ ಸಾಕಲ್ಲ?" ಎಂದು ಅವನ ವಾದ. ವಾದದಲ್ಲಿ ಹುರುಳಿಲ್ಲದೆ ಇಲ್ಲ. ಹರ್ಕನ ಪಾರ್ಟಿಗೆ ಬಂದವರೂ ಕುಣಿಯಲೆಂದೇ ಬಂದವರು. ಆದರೆ ಹಳಬರು ಕುಣಿಸುತ್ತಲೇ ಮಾತನ್ನೂ ಮುಟ್ಟಿಸಿದರು. ಇಂದಿನ ಎಷ್ಟೋ ಹಾಡುಗಳಲ್ಲಿ ಮಾತು ನಾಲಗೆಯಡಿಯಲ್ಲಿಯೇ ಕರಗಿ ಹೋಗುತ್ತದೆ. ಅದರ ಮೇಲೆ ಆಟೊಟ್ಯೂನ್ ಎಂಬ ಯಂತ್ರದ ಲೇಪ. 1997ರಲ್ಲಿ ಇದನ್ನು ಹೊರತಂದ ಆಂಡಿ ಹಿಲ್ಡೆಬ್ರಾಂಡ್ ಎಂಬ ವಿಜ್ಞಾನಿ ಅದಕ್ಕೆ ಮುಂಚೆ ಭೂಕಂಪನದ ಅಲೆಗಳಿಂದ ನೆಲದೊಳಗಿನ ಎಣ್ಣೆ ಪತ್ತೆಹಚ್ಚುವ ಲೆಕ್ಕಾಚಾರದಲ್ಲಿದ್ದವನು. ಅಪಸ್ವರ ತಿದ್ದಲು ಬಂದ ಯಂತ್ರ ಈಗ ಎಲ್ಲರ ಕಂಠವನ್ನೂ ಒಂದೇ ಅಚ್ಚಿಗೆ ಎರಕ ಹೊಯ್ಯುತ್ತಿದೆ.

ಇನ್ನೊಂದು ಸಂಗತಿ ಉಂಟು. ಈಗ ಹಾಡಿನ ಸಂಪಾದನೆ ಮೊಬೈಲಿನಲ್ಲಿ ಎಷ್ಟು ಸಲ ಕೇಳಿದರು ಎಂಬುದರ ಮೇಲೆ. ಸ್ಪಾಟಿಫೈ ಎಂಬ ಸಂಸ್ಥೆಯ ಲೆಕ್ಕದಲ್ಲಿ ಮೂವತ್ತು ಸೆಕೆಂಡು ಕೇಳಿದರೆ ಒಂದು ಸಲ ಕೇಳಿದಂತೆ. ಹದಿನಾಲ್ಕು ನಿಮಿಷದ ಹಾಡಿಗೂ ಎರಡು ನಿಮಿಷದ ಹಾಡಿಗೂ ಒಂದೇ ಕೂಲಿ ಎಂದ ಮೇಲೆ ಉದ್ದನೆಯ ಕತೆ ಹೇಳುವವನೇ ದಡ್ಡ. 2019ರಲ್ಲಿ ಅಮೆರಿಕದ ಪಟ್ಟಿಯಲ್ಲಿ ಹತ್ತೊಂಬತ್ತು ವಾರ ಮೊದಲ ಸ್ಥಾನದಲ್ಲಿ ನಿಂತ 'ಓಲ್ಡ್ ಟೌನ್ ರೋಡ್' ಮೂಲದಲ್ಲಿ ಎರಡು ನಿಮಿಷವೂ ಇರಲಿಲ್ಲ. ಹುಡುಗರಿಗೆ ಪ್ರತಿಭೆ ಕಡಿಮೆಯಾಯಿತೆಂದು ನಾವು ಹೇಳುವುದಿಲ್ಲ. ಅಳೆಯುವ ಕೊಳಗ ಬದಲಾಯಿತು. ಅಳತೆಗೆ ತಕ್ಕಂತೆ ಬೆಳೆಯೂ ಬದಲಾಯಿತು.

ಹಳೆಯ ನಾದ ಮರೆಯಾಗಲು ಇದಕ್ಕಿಂತ ಮುಂಚಿನ ಇನ್ನೊಂದು ಕಾರಣವಿದೆ. ಅದನ್ನು ಬಲ್ಲವರು ಕಡಿಮೆ. 1980ರ ದಶಕದಲ್ಲಿ ಹಳೆಯ ರೆಕಾರ್ಡಿನ ತುಣುಕನ್ನು ಹಿಡಿದಿಟ್ಟುಕೊಂಡು ಬೇಕಾದಂತೆ ನುಡಿಸುವ ಸ್ಯಾಂಪ್ಲರ್ ಎಂಬ ಯಂತ್ರಗಳು ಬಂದವು. 1987ರ ಎಸ್‌ಪಿ–1200 ಎಂಬ ಯಂತ್ರದ ಹೊಟ್ಟೆಯಲ್ಲಿ ಹಿಡಿಸುತ್ತಿದ್ದದ್ದು ಒಟ್ಟು ಹತ್ತು ಸೆಕೆಂಡಿನಷ್ಟು ಸದ್ದು. ಜಾಗ ಉಳಿಸಲು ಹುಡುಗರು ತಟ್ಟೆಯನ್ನು ವೇಗವಾಗಿ ಓಡಿಸಿ ತುಂಬಿಕೊಂಡು, ಆಮೇಲೆ ಯಂತ್ರದೊಳಗೆ ನಿಧಾನಗೊಳಿಸುತ್ತಿದ್ದರು. ಆ ನಾದದ ಒರಟು ಸೊಗಸು ಬಂದದ್ದು ಈ ಬಡತನದ ಉಪಾಯದಿಂದ. 1988ರ ಪಬ್ಲಿಕ್ ಎನಿಮಿ, 1989ರ ಡಿ ಲಾ ಸೋಲ್ ಮುಂತಾದ ಮೇಳಗಳು ಹತ್ತಾರು ತುಣುಕುಗಳನ್ನು ಕೌದಿಯಂತೆ ಹೊಲಿದು ಹಾಡು ಕಟ್ಟಿದವು. ಕಚೇರಿಯವರಿಗೆ ಇದು ಬೇಗ ಅರ್ಥವಾದೀತು. ನಾವು ಬರೆಯುವ ಪ್ರತಿ ಕಾಗದದ ತಲೆಯ ಮೇಲೂ 'ಉಲ್ಲೇಖ' ಎಂದು ಹಿಂದಿನ ಪತ್ರದ ನಂಬರು ತಾರೀಖು ಇರುತ್ತದೆ. ಹಿಂದಿನ ಕಾಗದವಿಲ್ಲದೆ ಇಂದಿನದಕ್ಕೆ ಅರ್ಥವಿಲ್ಲ. ಹಳೆಯ ಹಿಪ್‌ಹಾಪು ಅಂಥ ಉಲ್ಲೇಖಗಳ ಸಂಗೀತ.

1991ರಲ್ಲಿ ಬಿಜ್ ಮಾರ್ಕಿ ಎಂಬವನು ಗಿಲ್ಬರ್ಟ್ ಒ'ಸಲಿವನ್ನನ ಹಾಡಿನ ತುಣುಕನ್ನು ಅಪ್ಪಣೆಯಿಲ್ಲದೆ ಬಳಸಿದ್ದಕ್ಕೆ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ದಾವೆ ನಡೆಯಿತು. ನ್ಯಾಯಾಧೀಶರು ಕಳ್ಳತನವನ್ನು ನಿಷೇಧಿಸುವ ಬೈಬಲಿನ ಆಜ್ಞೆಯಿಂದಲೇ ತೀರ್ಪನ್ನು ಆರಂಭಿಸಿ ಅವನ ವಿರುದ್ಧ ತೀರ್ಮಾನ ಕೊಟ್ಟರು. ಅಂದಿನಿಂದ ಪ್ರತಿ ತುಣುಕಿಗೂ ಒಪ್ಪಿಗೆ, ಪ್ರತಿ ಒಪ್ಪಿಗೆಗೂ ಹಣ. ಹತ್ತಾರು ತುಣುಕುಗಳ ಕೌದಿ ಹೊಲಿಯುವುದು ಶ್ರೀಮಂತರಿಗೂ ಕಷ್ಟವಾಯಿತು. ಡಿ ಲಾ ಸೋಲ್‌ನ ಹಳೆಯ ಆಲ್ಬಮುಗಳಂತೂ ಒಪ್ಪಿಗೆ ಕರಾರುಗಳ ತೊಡಕಿನಲ್ಲಿ ಸಿಲುಕಿ, ಇಂಟರ್‌ನೆಟ್ಟಿನಲ್ಲಿ ಸಕ್ರಮವಾಗಿ ಕೇಳಲು ಸಿಕ್ಕಿದ್ದು 2023ರ ಮಾರ್ಚಿನಲ್ಲಿ. ಮೂವರ ಆ ಮೇಳದ ಒಬ್ಬ ಸದಸ್ಯ ಅದಕ್ಕೆ ಕೆಲವೇ ವಾರ ಮುಂಚೆ ತೀರಿಕೊಂಡಿದ್ದ. ಹೊಸ ತಲೆಮಾರಿನವರು ಹಳೆಯದನ್ನು ಕೇಳುವುದಿಲ್ಲವೆಂದು ದೂರುವ ಮುನ್ನ, ಕೇಳಲು ಸಿಗುತ್ತಿತ್ತೇ ಎಂದೂ ವಿಚಾರಿಸಬೇಕು.

ಹಾಗಾದರೆ ನ್ಯಾಯಾಲಯ ಅನ್ಯಾಯ ಮಾಡಿತೇ? ಇಲ್ಲಿ ನಮ್ಮ ಪಕ್ಷದವರು ತಲೆ ತಗ್ಗಿಸಬೇಕಾದ ಮಾತೊಂದಿದೆ. 1969ರಲ್ಲಿ ವಿನ್‌ಸ್ಟನ್ಸ್ ಎಂಬ ಮೇಳದ 'ಆಮೆನ್, ಬ್ರದರ್' ಎಂಬ ರೆಕಾರ್ಡಿನಲ್ಲಿ ಗ್ರೆಗರಿ ಕೋಲ್ಮನ್ ಎಂಬವನು ಸುಮಾರು ಏಳು ಸೆಕೆಂಡು ಡ್ರಮ್ ಬಾರಿಸಿದ. ಆ ಏಳು ಸೆಕೆಂಡುಗಳನ್ನು ಸಾವಿರಾರು ಹಾಡುಗಳು ಎತ್ತಿಕೊಂಡವು. ಅವನಿಗೆ ಅದರಿಂದ ಬಿಡಿಕಾಸೂ ಬರಲಿಲ್ಲ. 2006ರಲ್ಲಿ ಬಡತನದಲ್ಲಿಯೇ ತೀರಿಕೊಂಡ. ಅಭಿಮಾನಿಗಳು ವಂತಿಗೆ ಎತ್ತಿ 2015ರಲ್ಲಿ ಸುಮಾರು 24,000 ಪೌಂಡುಗಳನ್ನು ಮೇಳದ ನಾಯಕನಿಗೆ ಮುಟ್ಟಿಸಿದರು. ಬಾರಿಸಿದವನು ಆಗ ಇರಲಿಲ್ಲ. ಜೇಮ್ಸ್ ಬ್ರೌನನ 'ಫಂಕಿ ಡ್ರಮ್ಮರ್' ಹಾಡಿನಲ್ಲಿ ಬಾರಿಸಿದ ಕ್ಲೈಡ್ ಸ್ಟಬಲ್‌ಫೀಲ್ಡ್ ಎಂಬವನ ಕತೆಯೂ ಇಂಥದೇ. ಹಿಪ್‌ಹಾಪಿನ ಬಹುಭಾಗ ಅವನ ಕೈಯ ಮೇಲೆ ಕುಣಿದಿದೆ. ಆದರೆ ರಚನಕಾರನೆಂದು ಅವನ ಹೆಸರು ದಾಖಲಾಗಿರಲಿಲ್ಲ. ಹಾಗಾಗಿ ಗೌರವಧನಕ್ಕೆ ಹಕ್ಕಿರಲಿಲ್ಲ. 2017ರಲ್ಲಿ ಅವನೂ ಹೋದ.

ಕಡತ ನೋಡಿ ಅಭ್ಯಾಸವಾದ ನಮ್ಮ ಕಣ್ಣಿಗೆ ಇದು ದೊಡ್ಡದೊಂದು ಬಾಕಿಯಾಗಿ ಕಾಣುತ್ತದೆ. ತೀರ್ಪಿನಿಂದಲೂ ಈ ಬಾಕಿ ತೀರಲಿಲ್ಲ. ಹಣ ಹೋದದ್ದು ಹಕ್ಕುಪತ್ರ ಇಟ್ಟುಕೊಂಡ ಕಂಪನಿಗಳಿಗೆ, ರಚನಕಾರರೆಂದು ಬರೆಸಿಕೊಂಡವರಿಗೆ. ಬಾರಿಸಿದ ಕೈಗೆ ಹೆಚ್ಚೇನೂ ಬರಲಿಲ್ಲ. ಕೌದಿಯೂ ಹರಿಯಿತು, ಬಟ್ಟೆ ಕೊಟ್ಟವನಿಗೂ ದಕ್ಕಲಿಲ್ಲ. ಹಳೆಯ ಹಿಪ್‌ಹಾಪನ್ನು ಮೆಚ್ಚುವವರು ಅದರ ಕೆಳಗಿರುವ ಇನ್ನೂ ಹಳೆಯ ಕೈಗಳನ್ನು ಹೆಸರು ಹಿಡಿದು ನೆನೆಯದಿದ್ದರೆ ಆ ಮೆಚ್ಚಿಗೆ ಅರ್ಧದ್ದು.

ಹಳೆಯದೆಲ್ಲ ಹೊನ್ನೆಂದೂ ನಾವು ವಾದಿಸುವುದಿಲ್ಲ. ಹೆಣ್ಣುಮಕ್ಕಳ ಬಗ್ಗೆ ಕೀಳು ಮಾತು ಆ ಕಾಲದ ಹಾಡುಗಳಲ್ಲಿಯೂ ಧಾರಾಳವಾಗಿತ್ತು. ಮನೆಮಂದಿಯೆಲ್ಲ ಕೂತು ಕೇಳುವಂಥವು ಎಲ್ಲವೂ ಅಲ್ಲ. ಅದಕ್ಕೆ ಅಂದೇ ಎದುರು ನಿಂತ ಕ್ವೀನ್ ಲತೀಫಾಳಂಥವರು ಇದ್ದರೆಂಬುದು ಸಮಾಧಾನ. ಹೊಸಬರಲ್ಲಿ ಸತ್ವವಿಲ್ಲ ಎಂಬುದೂ ಸುಳ್ಳು. 2018ರಲ್ಲಿ ಕೆಂಡ್ರಿಕ್ ಲಾಮಾರ್‌ಗೆ ಸಂಗೀತದ ಪುಲಿಟ್ಜರ್ ಪ್ರಶಸ್ತಿ ಬಂತು. ಅದುವರೆಗೆ ಅದು ಶಾಸ್ತ್ರೀಯ ಮತ್ತು ಜಾಝ್ ಸಂಗೀತದವರ ಸೊತ್ತಾಗಿತ್ತು. ಅವನ ಮಾತು ಒಂದೊಂದೂ ಕೇಳಿಸುತ್ತದೆ. ಅವನ ಹಿಂದೆ ಹಳಬರು ನಿಂತಿರುವುದೂ ಕೇಳಿಸುತ್ತದೆ.

ನಾವಿರುವ ಮುಂಬಯಿಗೂ ಈ ಕತೆಯ ಎಳೆಯೊಂದು ಬಂದು ಸೇರಿದೆ. 1981ರಲ್ಲಿ ಕ್ವೀನ್ ಮೇಳ ಮತ್ತು ಡೇವಿಡ್ ಬೋವಿ ಸೇರಿ ಮಾಡಿದ ಹಾಡಿನ ತಂತಿಯ ನಾದವನ್ನು ವೆನಿಲಾ ಐಸ್ ಎಂಬವನು ಎತ್ತಿಕೊಂಡ. ಅವನ ಹಾಡಿನ ಧಾಟಿ ಹಿಡಿದು 1992ರಲ್ಲಿ ನಮ್ಮ ಬಾಬಾ ಸೆಹಗಲ್ 'ಠಂಡಾ ಠಂಡಾ ಪಾನಿ' ಹಾಡಿದ. ಆಗ ಅದು ತಮಾಷೆಯ ವಸ್ತು. ಆದರೆ 2014ರಲ್ಲಿ ಕುರ್ಲಾದ ನೇಝಿ ಎಂಬ ಹುಡುಗ ಒಂದು ಐಪ್ಯಾಡಿನಲ್ಲಿಯೇ ಹಾಡೂ ಚಿತ್ರವೂ ಮಾಡಿ 'ಆಫತ್' ಹೊರತಂದ. ಮರುವರ್ಷ ಅಂಧೇರಿಯ ಡಿವೈನ್ ಜೊತೆ ಸೇರಿ 'ಮೇರೆ ಗಲೀ ಮೇಂ' ಹಾಡಿದ. ಬ್ರಾಂಕ್ಸಿನ ಹುಡುಗರು ಮನೆಯಲ್ಲಿದ್ದ ತಟ್ಟೆಯಿಂದ ಕಲೆ ಮಾಡಿದರೆ ಇವರು ಕೈಯಲ್ಲಿದ್ದ ಯಂತ್ರದಿಂದ ಮಾಡಿದರು. ತಮ್ಮ ಗಲ್ಲಿಯನ್ನು ತಮ್ಮ ಮಾತಿನಲ್ಲಿಯೇ ಹೇಳಿದರು. ಕನ್ನಡದಲ್ಲಿಯೂ ಆಲ್ ಓಕೆ, ಚಂದನ್ ಶೆಟ್ಟಿ ಮುಂತಾದವರು ರ‍್ಯಾಪಿಗೆ ಕೇಳುಗರನ್ನು ಗಳಿಸಿಕೊಟ್ಟಿದ್ದಾರೆ. ಊರಿನಿಂದ ದೂರವಿದ್ದು ಮನೆಯ ಮಕ್ಕಳ ಬಾಯಲ್ಲಿ ಕನ್ನಡ ಉಳಿದೀತೇ ಎಂದು ಚಿಂತಿಸುವ ನಮ್ಮಂಥವರಿಗೆ ಇದು ಸಣ್ಣ ವಿಷಯವಲ್ಲ. ಪ್ರಾಸ ಕೂಡಿಸಬೇಕಾದ ಹುಡುಗ ಶಬ್ದ ಹುಡುಕಲೇಬೇಕು. ಶಬ್ದ ಕೇಳಿಸದ ಹಾಡಿನಿಂದ ಆ ಲಾಭವಿಲ್ಲ. ನಾವು ಹಳೆಯದಕ್ಕೆ ಪಟ್ಟು ಹಿಡಿಯುವುದು ಈ ಕಾರಣಕ್ಕೂ ಹೌದು.

ಆದ್ದರಿಂದ ಹಿರಿಯರಲ್ಲಿ ನಮ್ಮ ವಿನಂತಿ: ಮಕ್ಕಳ ಇಯರ್‌ಫೋನಿನಿಂದ ಸೋರುವ ಸದ್ದಿಗೆ ಸಿಡುಕುವ ಬದಲು 'ದಿ ಮೆಸೇಜ್' ಹಾಡನ್ನು ಒಂದು ಸಲ ಅವರ ಜೊತೆ ಕೂತು ಕೇಳಿರಿ. ಅರ್ಥವಾಗದ ಮಾತನ್ನು ಮಕ್ಕಳಿಂದಲೇ ಕೇಳಿ ತಿಳಿದುಕೊಳ್ಳಿರಿ. ಹೇಳಿಕೊಡುವುದು ಅವರಿಗೂ ಹೆಮ್ಮೆ. ಕಿರಿಯರಲ್ಲಿ ವಿನಂತಿ: 'ಇಲ್‌ಮ್ಯಾಟಿಕ್' ಹಚ್ಚಿ, ನಡುವೆ ಬೆರಳಾಡಿಸದೆ ನಲವತ್ತು ನಿಮಿಷ ಕೇಳಿರಿ. ಡೊಂಬಿವಲಿಯಿಂದ ಬೋರಿಬಂದರಿಗೆ ಹೋಗುವ ರೈಲಿನಲ್ಲಿ, ನಿಂತುಕೊಂಡಾದರೂ ಸರಿ, ಅದಕ್ಕೆ ಬೇಕಾದಷ್ಟು ಹೊತ್ತು ಸಿಗುತ್ತದೆ. ಆಮೇಲೆ ಗ್ರೆಗರಿ ಕೋಲ್ಮನ್ನನ ಆ ಏಳು ಸೆಕೆಂಡುಗಳನ್ನು ಮೂಲ ರೆಕಾರ್ಡಿನಲ್ಲಿಯೇ ಹುಡುಕಿ ಕೇಳಿರಿ. ಅವನ ಬಾಕಿ ತೀರಿಸುವುದು ನಮ್ಮ ನಿಮ್ಮ ಕೈಲಾಗದು; ಇಂಥವನು ಬಾರಿಸಿದ್ದು ಎಂದು ಹೆಸರು ಹೇಳಿ ಕೇಳುವುದಕ್ಕೆ ಮಾತ್ರ ಯಾರ ಒಪ್ಪಿಗೆಯೂ ಬೇಕಾಗಿಲ್ಲ.